ಕಾರ್ಖಾನೆಯಿಲ್ಲದ ಚಿಪ್ ಕಂಪನಿ: ರಾಕ್‌ಚಿಪ್ ನಡೆದ ದಾರಿ

ಸರಕು ತಯಾರಿಸಿ ಮಾರುವವನಿಗೆ ಸ್ವಂತ ಕಾರ್ಖಾನೆ ಇರಲೇಬೇಕೆಂಬುದು ಕೈಗಾರಿಕಾ ವಲಯದ ಹಳೆಯ ನಂಬಿಕೆ. ಎಲೆಕ್ಟ್ರಾನಿಕ್ ಚಿಪ್‌ಗಳ ಉದ್ಯಮದಲ್ಲಿ ಈ ನಂಬಿಕೆ ಬಹಳ ಹಿಂದೆಯೇ ಸಡಿಲಗೊಂಡಿದೆ. 1987ರಲ್ಲಿ ಮಾರಿಸ್ ಚಾಂಗ್ ಅವರು ತೈವಾನಿನಲ್ಲಿ ಸ್ಥಾಪಿಸಿದ ಟಿ.ಎಸ್.ಎಂ.ಸಿ. ಸಂಸ್ಥೆಯು ತನ್ನ ಹೆಸರಿನಲ್ಲಿ ಚಿಪ್ ಮಾರದೆ, ಇತರರು ರಚಿಸಿದ ವಿನ್ಯಾಸಗಳನ್ನು ಜಾಬ್ ವರ್ಕ್ ಪದ್ಧತಿಯಲ್ಲಿ ತಯಾರಿಸಿಕೊಡಲು ಆರಂಭಿಸಿತು. ಬೆಳಗಾವಿಯ ಫೌಂಡ್ರಿಗಳು ಗಿರಾಕಿಯ ನಕ್ಷೆಯಂತೆ ಎರಕ ಹೊಯ್ದುಕೊಡುವ ಕ್ರಮವೇ ಇಲ್ಲಿಯೂ ಇದೆ. ಇಂತಹ ಚಿಪ್ ಕಾರ್ಖಾನೆಗಳನ್ನೂ ಫೌಂಡ್ರಿ ಎಂದೇ ಕರೆಯುತ್ತಾರೆ. ವಿನ್ಯಾಸವನ್ನಷ್ಟೇ ತಮ್ಮಲ್ಲಿಟ್ಟುಕೊಂಡು ತಯಾರಿಕೆಯನ್ನು ಹೊರಗೆ ಒಪ್ಪಿಸುವ ಕಂಪನಿಗಳಿಗೆ ‘ಫ್ಯಾಬ್‌ಲೆಸ್’ ಎಂಬ ಹೆಸರು ರೂಢಿಗೆ ಬಂದಿದೆ.

ಚೀನಾದ ಫೂಜಿಯಾನ್ ಪ್ರಾಂತದ ಫೂಜೌ ನಗರದಲ್ಲಿ 2001ರಲ್ಲಿ ಆರಂಭವಾದ ರಾಕ್‌ಚಿಪ್ ಇಂತಹ ಒಂದು ಕಂಪನಿ. ಮೊದಲು ಸಂಗೀತ ಹಾಗೂ ವಿಡಿಯೋ ಪ್ಲೇಯರ್‌ಗಳಿಗೆ, ಅನಂತರ ಟ್ಯಾಬ್ಲೆಟ್‌ಗಳಿಗೆ ಪ್ರೊಸೆಸರ್ ಒದಗಿಸಿ ಅದು ಹೆಸರು ಪಡೆಯಿತು. ಈ ಎರಡೂ ಮಾರುಕಟ್ಟೆಗಳು ಏರಿದಷ್ಟೇ ವೇಗವಾಗಿ ಇಳಿದವು. ಆದರೂ ಕಂಪನಿ ಉಳಿಯಿತು. ಅಂತಹ ಚಿಪ್ ಕೊಂಡು ಟ್ಯಾಬ್ಲೆಟ್ ತಯಾರಿಸಿದ ಅನೇಕ ಸಣ್ಣ ಉತ್ಪಾದಕರು ಉಳಿಯಲಿಲ್ಲ. ಈ ವ್ಯತ್ಯಾಸಕ್ಕೆ ಕಾರಣವೇನೆಂಬುದು ಎಲ್ಲ ಬಗೆಯ ಸಣ್ಣ ಉದ್ಯಮಿಗಳೂ ವಿಚಾರ ಮಾಡತಕ್ಕ ವಿಷಯವಾಗಿದೆ.

ಬಂಡವಾಳ ಕಡಿಮೆ, ಅಪಾಯ ಕಡಿಮೆಯಲ್ಲ

ಚಿಪ್ ಕಾರ್ಖಾನೆಯೊಂದನ್ನು ಕಟ್ಟಲು ಸಾವಿರಾರು ಕೋಟಿ ರೂಪಾಯಿಗಳು ಬೇಕು. ಫ್ಯಾಬ್‌ಲೆಸ್ ಕಂಪನಿಗೆ ಆ ಹೊರೆಯಿಲ್ಲ. ಪ್ರೊಸೆಸರಿನ ತಿರುಳು ಭಾಗವನ್ನು ಸಹ ಅದು ತಾನೇ ರಚಿಸಬೇಕಾಗಿಲ್ಲ. ಬ್ರಿಟನ್ನಿನ ಆರ್ಮ್ ಸಂಸ್ಥೆಗೆ ಪರವಾನಗಿ ಶುಲ್ಕವನ್ನೂ, ಮಾರಾಟವಾದ ಪ್ರತಿ ಚಿಪ್‌ಗೆ ಗೌರವಧನವನ್ನೂ ತೆತ್ತು ಆ ಭಾಗವನ್ನು ಪಡೆಯಬಹುದು. ಅದರ ಸುತ್ತ ವಿಡಿಯೋ ಬಿಡಿಸಿ ತೋರಿಸುವ, ಧ್ವನಿ ಹೊರಡಿಸುವ, ಪರದೆಯನ್ನು ನಡೆಸುವ ಅಂಗಗಳನ್ನು ಒಂದೇ ಚಿಪ್‌ನಲ್ಲಿ ಹೊಂದಿಸುವುದೇ ವಿನ್ಯಾಸಕಾರರ ಜಾಣ್ಮೆ.

ಆದರೆ ಖರ್ಚಿನ ಬಹುಭಾಗ ಮೊದಲೇ ಬೀಳುತ್ತದೆ. ಎಂಜಿನಿಯರುಗಳ ವೇತನ, ಪರವಾನಗಿ ಶುಲ್ಕ, ಫೌಂಡ್ರಿಯಲ್ಲಿ ಅಚ್ಚಿನಂತೆ ಬಳಸುವ ಮಾಸ್ಕ್‌ಗಳ ವೆಚ್ಚ, ಇವೆಲ್ಲವನ್ನೂ ಒಂದು ಚಿಪ್ ಸಹ ಮಾರಾಟವಾಗುವ ಮುನ್ನವೇ ತೆರಬೇಕು. ವಿನ್ಯಾಸದಲ್ಲಿ ದೋಷ ಕಂಡುಬಂದರೆ ಮಾಸ್ಕ್‌ಗಳನ್ನು ಮತ್ತೆ ಮಾಡಿಸಬೇಕು. ಅಷ್ಟರಲ್ಲಿ ಮಾರಾಟದ ಕಾಲವೇ ಕಳೆದಿರುತ್ತದೆ. ದೀಪಾವಳಿಗೆ ಅಂಗಡಿಯಲ್ಲಿರಬೇಕಾದ ಬಟ್ಟೆ ಸಂಕ್ರಾಂತಿಗೆ ಬಂದರೆ ಜವಳಿ ವರ್ತಕನ ಗತಿ ಏನಾದೀತೋ, ಇಲ್ಲಿಯೂ ಅದೇ ಗತಿ.

ಒಬ್ಬನೇ ಗಿರಾಕಿ, ನೂರು ಗಿರಾಕಿಗಳು

ಮಾಡಿದ ಚಿಪ್ ಯಾರಿಗೆ ಮಾರಬೇಕೆಂಬ ಪ್ರಶ್ನೆಗೆ ಈ ಉದ್ಯಮದಲ್ಲಿ ಎರಡು ಉತ್ತರಗಳು ದೊರೆತಿವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1999ರಲ್ಲಿ ಸ್ಥಾಪಿತವಾದ ಪೋರ್ಟಲ್‌ಪ್ಲೇಯರ್ ಮೊದಲನೆಯದಕ್ಕೆ ನಿದರ್ಶನ. ಹೈದರಾಬಾದಿನಲ್ಲಿಯೂ ವಿನ್ಯಾಸ ಕೇಂದ್ರ ಹೊಂದಿದ್ದ ಈ ಕಂಪನಿಯ ಚಿಪ್, 2001ರಲ್ಲಿ ಆಪಲ್ ಹೊರತಂದ ಮೊದಲ ಐಪಾಡ್‌ನಲ್ಲಿತ್ತು. ಐಪಾಡ್ ಬೆಳೆದಂತೆ ಕಂಪನಿಯೂ ಬೆಳೆಯಿತು. ಅದರ ಆದಾಯದ ಬಹುಪಾಲು ಆ ಒಂದೇ ಸರಕಿನಿಂದ ಬರತೊಡಗಿತು. 2006ರ ಏಪ್ರಿಲ್‌ನಲ್ಲಿ, ಮುಂದಿನ ಐಪಾಡ್ ನ್ಯಾನೋಗೆ ತನ್ನ ಚಿಪ್ ಆಯ್ಕೆಯಾಗಿಲ್ಲವೆಂದು ಪೋರ್ಟಲ್‌ಪ್ಲೇಯರ್ ಪ್ರಕಟಿಸಬೇಕಾಯಿತು. ಷೇರು ಬೆಲೆ ಕುಸಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಎನ್‌ವಿಡಿಯಾ ಕಂಪನಿಯು ಅದನ್ನು ಸುಮಾರು 35.7 ಕೋಟಿ ಡಾಲರಿಗೆ ಕೊಳ್ಳುವುದಾಗಿ ಸಾರಿತು. ಗಿರಾಕಿ ದೊಡ್ಡವನಾಗಿದ್ದನು, ಆದರೆ ಒಬ್ಬನೇ ಆಗಿದ್ದನು.

ರಾಕ್‌ಚಿಪ್ ಹಿಡಿದದ್ದು ಎರಡನೆಯ ಮಾರ್ಗ. ಅದರ ಗಿರಾಕಿಗಳು ದಕ್ಷಿಣ ಚೀನಾದ ಶೆನ್‌ಜೆನ್ ನಗರದ ಸುತ್ತಮುತ್ತಲಿನ ಸಣ್ಣ ಮತ್ತು ಮಧ್ಯಮ ಉತ್ಪಾದಕರು. ಇವರಲ್ಲಿ ಜೋಡಣೆಯ ಕೌಶಲವಿತ್ತು, ಬಿಡಿಭಾಗಗಳ ಪೇಟೆ ಹತ್ತಿರವಿತ್ತು; ಸಾಫ್ಟ್‌ವೇರ್ ಬರೆಯುವ ಎಂಜಿನಿಯರುಗಳು ಮಾತ್ರ ಇರಲಿಲ್ಲ. ಆದ್ದರಿಂದ ಇವರಿಗೆ ಚಿಪ್ ಒಂದನ್ನೇ ಕೊಟ್ಟರೆ ಪ್ರಯೋಜನವಿರಲಿಲ್ಲ. ಚಿಪ್‌ನೊಡನೆ ಸರ್ಕ್ಯೂಟ್ ಬೋರ್ಡಿನ ಸಿದ್ಧ ನಕ್ಷೆ, ಬಿಡಿಭಾಗಗಳ ಪಟ್ಟಿ, ಆ ಚಿಪ್‌ಗೆ ಹೊಂದಿಸಿದ ಸಾಫ್ಟ್‌ವೇರ್ ಇವೆಲ್ಲವನ್ನೂ ಸೇರಿಸಿಕೊಡುವುದೇ ಇಂತಹ ಚಿಪ್ ಕಂಪನಿಗಳ ವ್ಯಾಪಾರಕ್ರಮವಾಯಿತು. ಪರದೆ, ಬ್ಯಾಟರಿ, ಹೊರಕವಚಗಳನ್ನು ಕೊಂಡು ಜೋಡಿಸಬಲ್ಲ ಯಾವನೇ ಉತ್ಪಾದಕನು ಕೆಲವೇ ತಿಂಗಳುಗಳಲ್ಲಿ ಪೇಟೆಗೆ ಸರಕು ತರಬಹುದಾಯಿತು.

ಸಿದ್ಧ ಪಾಕದ ಎರಡು ಮುಖಗಳು

2010ರ ಏಪ್ರಿಲ್‌ನಲ್ಲಿ ಆಪಲ್‌ನ ಐಪ್ಯಾಡ್ 499 ಡಾಲರ್ ಆರಂಭಿಕ ಬೆಲೆಗೆ ಮಾರಾಟಕ್ಕೆ ಬಂದಿತು. ಅಷ್ಟು ಹಣ ತೆರಲಾರದ ಗ್ರಾಹಕರು ಜಗತ್ತಿನೆಲ್ಲೆಡೆ ಇದ್ದರು. ಆಂಡ್ರಾಯ್ಡ್ ತಂತ್ರಾಂಶವು ಪರವಾನಗಿ ಶುಲ್ಕವಿಲ್ಲದೆ ದೊರೆಯುತ್ತಿತ್ತು. ಮೊಬೈಲ್ ಫೋನುಗಳೇ ಹಾಡು, ಚಲನಚಿತ್ರಗಳನ್ನು ತೋರಿಸಲಾರಂಭಿಸಿದ್ದರಿಂದ ಪ್ರತ್ಯೇಕ ಪ್ಲೇಯರ್‌ಗಳ ಬೇಡಿಕೆ ಬತ್ತುತ್ತಿದ್ದ ಸಮಯವದು. ರಾಕ್‌ಚಿಪ್ ತನ್ನ ಗಮನವನ್ನು ಟ್ಯಾಬ್ಲೆಟ್‌ಗಳ ಕಡೆಗೆ ತಿರುಗಿಸಿತು. 2012ರಲ್ಲಿ ಎರಡು ತಿರುಳುಗಳ ಆರ್‌ಕೆ 3066, 2013ರಲ್ಲಿ ನಾಲ್ಕು ತಿರುಳುಗಳ ಆರ್‌ಕೆ 3188 ಚಿಪ್‌ಗಳು ಪೇಟೆಗೆ ಬಂದವು. ಎರಡನೆಯದನ್ನು ಗ್ಲೋಬಲ್‌ಫೌಂಡ್ರೀಸ್ ಸಂಸ್ಥೆಯು 28 ನ್ಯಾನೋಮೀಟರ್ ವಿಧಾನದಲ್ಲಿ ತಯಾರಿಸಿಕೊಟ್ಟಿತು.

ಆದರೆ ಪೈಪೋಟಿಯೂ ಜೊತೆಯಲ್ಲಿಯೇ ಬಂದಿತು. ಜುಹಾಯ್ ನಗರದಲ್ಲಿ 2007ರಲ್ಲಿ ಆರಂಭವಾದ ಆಲ್‌ವಿನ್ನರ್ ಕಂಪನಿಯ ಎ10 ಚಿಪ್ 2012ರ ಸುಮಾರಿಗೆ ಏಳು ಡಾಲರಿನ ಆಸುಪಾಸಿನಲ್ಲಿ ದೊರೆಯುತ್ತಿತ್ತು. ಆ ದಿನಗಳಲ್ಲಿ ಭಾರತದ ಪೇಟೆಗೆ ನಾನಾ ಹೆಸರುಗಳಲ್ಲಿ ಬಂದ ಅಗ್ಗದ ಟ್ಯಾಬ್ಲೆಟ್‌ಗಳ ಪೈಕಿ ಅನೇಕವು ಇಂತಹ ಚಿಪ್‌ಗಳನ್ನೇ ಒಳಗೊಂಡಿದ್ದವು.

ಇಲ್ಲಿಯೇ ಸಣ್ಣ ಉತ್ಪಾದಕನ ಸಂಕಟ ಆರಂಭವಾಯಿತು. ತನಗೆ ಸುಲಭವಾಗಿ ದೊರೆತ ನಕ್ಷೆ ನೆರೆಯವನಿಗೂ ಅಷ್ಟೇ ಸುಲಭವಾಗಿ ದೊರೆತಿತ್ತು. ಒಳಗಿನ ಚಿಪ್ ಒಂದೇ, ಬೋರ್ಡ್ ಒಂದೇ, ತಂತ್ರಾಂಶ ಒಂದೇ. ಬೇರೆಯಾಗಿದ್ದುದು ಹೊರಗಿನ ಹೆಸರು ಮಾತ್ರ. ಸರಕಿನಲ್ಲಿ ಭೇದವಿಲ್ಲದಿದ್ದಾಗ ಗ್ರಾಹಕನು ಬೆಲೆಯೊಂದನ್ನೇ ನೋಡುತ್ತಾನೆ. ಒಬ್ಬನು ಬೆಲೆ ಇಳಿಸಿದರೆ ಉಳಿದವರೂ ಇಳಿಸಬೇಕಾಯಿತು. ಲಾಭಾಂಶವು ಸವೆದು ಅನೇಕರು ವ್ಯಾಪಾರವನ್ನೇ ನಿಲ್ಲಿಸಿದರು. ಉದ್ಯಮಕ್ಕೆ ಪ್ರವೇಶ ಕೊಟ್ಟ ಬಾಗಿಲೇ ಹೊರದೂಡುವ ಬಾಗಿಲೂ ಆಯಿತು.

ದೊಡ್ಡವರ ಸಹವಾಸ

2014ರ ಮೇ ತಿಂಗಳಿನಲ್ಲಿ ಇಂಟೆಲ್ ಸಂಸ್ಥೆಯು ರಾಕ್‌ಚಿಪ್‌ನೊಡನೆ ಒಪ್ಪಂದ ಮಾಡಿಕೊಂಡಿತು. ಅಗ್ಗದ ಟ್ಯಾಬ್ಲೆಟ್‌ಗಳ ಪೇಟೆಯನ್ನು ಹೊಗಲು ಜಗತ್ತಿನ ಅತಿದೊಡ್ಡ ಚಿಪ್ ಉತ್ಪಾದಕ ಸಂಸ್ಥೆಯೇ ಫೂಜೌನ ಕಂಪನಿಯ ನೆರವು ಬಯಸಿದ್ದು ಅಂದು ದೊಡ್ಡ ಸುದ್ದಿಯಾಗಿತ್ತು. ಒಪ್ಪಂದದ ಫಲವಾದ ಚಿಪ್ 2015ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಆದರೆ ಇಂಟೆಲ್‌ನ ಮೊಬೈಲ್ ವಿಭಾಗವು 2014ರಲ್ಲಿಯೇ ಸುಮಾರು 420 ಕೋಟಿ ಡಾಲರ್ ನಷ್ಟ ಅನುಭವಿಸಿತ್ತು. 2015ರಲ್ಲಿ ಜಗತ್ತಿನ ಟ್ಯಾಬ್ಲೆಟ್ ಮಾರಾಟವೂ ಇಳಿಮುಖವಾಯಿತು. 2016ರ ಏಪ್ರಿಲ್‌ನಲ್ಲಿ ಇಂಟೆಲ್ ಆ ಶ್ರೇಣಿಯ ಚಿಪ್‌ಗಳನ್ನೇ ಕೈಬಿಟ್ಟಿತು.

ಪೋರ್ಟಲ್‌ಪ್ಲೇಯರ್‌ಗೆ ಒದಗಿದ ಗತಿ ರಾಕ್‌ಚಿಪ್‌ಗೆ ಒದಗಲಿಲ್ಲ. ಅದು ಆ ಒಪ್ಪಂದವೊಂದನ್ನೇ ನಂಬಿ ಕುಳಿತಿರಲಿಲ್ಲ. 2015ರಲ್ಲಿ ಹೈಸೆನ್ಸ್ ಮತ್ತು ಹೈಯರ್ ಕಂಪನಿಗಳು 149 ಡಾಲರಿಗೆ ಹೊರತಂದ ಕ್ರೋಮ್‌ಬುಕ್ ಲ್ಯಾಪ್‌ಟಾಪ್‌ಗಳಲ್ಲಿ ಅದರ ಆರ್‌ಕೆ 3288 ಚಿಪ್ ಇತ್ತು. 2017ರಲ್ಲಿ ಸ್ಯಾಮ್‌ಸಂಗ್‌ನ ಕ್ರೋಮ್‌ಬುಕ್ ಪ್ಲಸ್ ಸಹ ಅದರ ಆರ್‌ಕೆ 3399 ಚಿಪ್‌ನೊಡನೆ ಬಂದಿತು. ಟಿ.ವಿ. ಪೆಟ್ಟಿಗೆಗಳು, ಜಾಹೀರಾತು ಫಲಕಗಳು, ಕೈಗಾರಿಕಾ ನಿಯಂತ್ರಣ ಸಾಧನಗಳು ಹೀಗೆ ಹತ್ತಾರು ಕ್ಷೇತ್ರಗಳಿಗೆ ಅದರ ಚಿಪ್‌ಗಳು ಹರಡಿದವು. 2020ರ ಫೆಬ್ರವರಿಯಲ್ಲಿ ಕಂಪನಿಯ ಷೇರುಗಳು ಶಾಂಘೈ ಷೇರುಪೇಟೆಯಲ್ಲಿ ನೋಂದಾಯಿತವಾದವು. ಒಂದೇ ವಿನ್ಯಾಸ ಜ್ಞಾನವನ್ನು ಒಂದು ಸರಕಿನಿಂದ ಇನ್ನೊಂದಕ್ಕೆ ಸಾಗಿಸಬಲ್ಲ ಶಕ್ತಿಯೇ ಅದರ ನಿಜವಾದ ಆಸ್ತಿ. ಜೋಡಣೆಯನ್ನಷ್ಟೇ ಬಲ್ಲ ಉತ್ಪಾದಕನಲ್ಲಿ ಈ ಆಸ್ತಿ ಇರಲಿಲ್ಲ.

ನಮ್ಮ ಉದ್ಯಮಿಗಳು ಗಮನಿಸಬೇಕಾದುದು

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆದಂದಿನಿಂದ ಚಿಪ್ ವಿನ್ಯಾಸ ಇಲ್ಲಿಗೆ ಅಪರಿಚಿತವಾದ ವಿದ್ಯೆಯಲ್ಲ. ಆದರೆ ಇಲ್ಲಿ ನಡೆದ ಕೆಲಸದ ಬಹುಪಾಲು ವಿದೇಶಿ ಕಂಪನಿಗಳ ಸರಕಿಗಾಗಿ ನಡೆದದ್ದು. ಕೇಂದ್ರ ಸರ್ಕಾರವು 2021ರ ಡಿಸೆಂಬರ್‌ನಲ್ಲಿ 76,000 ಕೋಟಿ ರೂಪಾಯಿಗಳ ಅರೆವಾಹಕ ಕಾರ್ಯಕ್ರಮವನ್ನು ಪ್ರಕಟಿಸಿತು. ಅದರಲ್ಲಿನ ವಿನ್ಯಾಸ ಪ್ರೋತ್ಸಾಹ ಯೋಜನೆಯು ದೇಶೀಯ ಕಂಪನಿಗಳ ಅರ್ಹ ವೆಚ್ಚದ ಶೇ. 50ರವರೆಗೆ, ಅರ್ಜಿಯೊಂದಕ್ಕೆ 15 ಕೋಟಿ ರೂಪಾಯಿಗಳ ಮಿತಿಯೊಳಗೆ, ಸಹಾಯಧನವನ್ನು ಒಳಗೊಂಡಿತ್ತು.

ಚಿಪ್ ವಿನ್ಯಾಸಕ್ಕೆ ಕೈಹಾಕುವವರು ಕೆಲವರೇ ಇರಬಹುದು. ಆದರೆ ಹೊರಗಿನಿಂದ ಸಿದ್ಧ ವಿನ್ಯಾಸ ತಂದು ತಮ್ಮ ಹೆಸರಿನಲ್ಲಿ ಮಾರುವವರು ಎಲ್.ಇ.ಡಿ. ದೀಪದಿಂದ ಹಿಡಿದು ಕ್ಯಾಮೆರಾವರೆಗೆ ಎಲ್ಲ ಬಗೆಯ ವ್ಯಾಪಾರದಲ್ಲಿಯೂ ಇದ್ದಾರೆ. ಸಿದ್ಧ ವಿನ್ಯಾಸದಿಂದ ಆರಂಭಿಸುವುದು ತಪ್ಪಲ್ಲ. ಅಲ್ಲಿಯೇ ನಿಲ್ಲುವುದು ಅಪಾಯಕರ. ಮಾರಾಟೋತ್ತರ ಸೇವೆ, ಸ್ಥಳೀಯ ಅಗತ್ಯಕ್ಕೆ ತಕ್ಕ ಮಾರ್ಪಾಡು, ಒಂದು ನಿರ್ದಿಷ್ಟ ವೃತ್ತಿಯವರಿಗೆಂದೇ ಮಾಡಿದ ಸರಕು, ಇವುಗಳಲ್ಲಿ ಒಂದನ್ನಾದರೂ ಮೊದಲ ಲಾಭದ ದಿನಗಳಲ್ಲಿಯೇ ಬೆಳೆಸಿಕೊಳ್ಳಬೇಕು. ಬೆಲೆ ಇಳಿಯತೊಡಗಿದ ಮೇಲೆ ಅದಕ್ಕೆ ಬೇಕಾದ ಹಣವೂ ಇರುವುದಿಲ್ಲ, ಸಮಯವೂ ಇರುವುದಿಲ್ಲ.