ಇಲಿಗೆಷ್ಟು ಚೂರ್ಣ?

ಪ್ರಶ್ನೆ: ಆಯುರ್ವೇದ ಔಷಧಿಗಳನ್ನೂ ಇಲಿಗಳ ಮೇಲೆ ಪರೀಕ್ಷಿಸುತ್ತಾರೆಯೇ?
– ಓದುಗರೊಬ್ಬರು, ಬೇಲಾಪುರ

ಉತ್ತರ: ಹೌದು, ಅದೂ ನಿಮಗೆ ದೂರದಲ್ಲೇನಲ್ಲ. ವಾಶಿ ಸೇತುವೆ ದಾಟಿ ಪರೇಲಿಗೆ ಹೋದರೆ ಕೆ.ಇ.ಎಂ. ಆಸ್ಪತ್ರೆ. ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಶರದಿನಿ ಡಹಾಣೂಕರ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಅಮೃತಬಳ್ಳಿಯನ್ನು, ನಿಮ್ಮ ಮರಾಠಿ ನೆರೆಯವರ ಗುಳವೇಲನ್ನು, ಪರೀಕ್ಷಿಸಿದರು. ಪಿತ್ತನಾಳ ಕಟ್ಟಿ ಕಾಮಾಲೆ ಬರಿಸಿದ ಇಲಿಗಳಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿತ್ತು. ಬಳ್ಳಿಯ ಸಾರ ಕೊಟ್ಟಾಗ ಚೇತರಿಸಿತು. ಮುಂದೆ ಅದನ್ನು ಶಸ್ತ್ರಚಿಕಿತ್ಸೆ ಬೇಕಿದ್ದ ಕಾಮಾಲೆ ರೋಗಿಗಳಿಗೂ ಕೊಟ್ಟು ನೋಡಿದರು.

ಸ್ವಾರಸ್ಯವಿರುವುದು ಪ್ರಮಾಣದಲ್ಲಿ. ಮನುಷ್ಯನಿಗೆ ದಿನಕ್ಕೆ 10 ಗ್ರಾಂ ಚೂರ್ಣವೆಂದರೆ, ಬರೀ ತೂಕದ ಲೆಕ್ಕದಲ್ಲಿ 200 ಗ್ರಾಂ ಇಲಿಗೆ ಸುಮಾರು 29 ಮಿಲಿಗ್ರಾಂ ಸಾಕು. ಆದರೆ ಪುಟ್ಟ ದೇಹ ಔಷಧಿಯನ್ನು ಬೇಗ ಕರಗಿಸಿಬಿಡುತ್ತದೆ. ಹಾಗಾಗಿ ಮೈಯ ಮೇಲ್ಮೈ ವಿಸ್ತೀರ್ಣ ಹಿಡಿದು 0.018ರಿಂದ ಗುಣಿಸುತ್ತಾರೆ: 180 ಮಿಲಿಗ್ರಾಂ! ನೀರಲ್ಲಿ ಕಲಸಿ, ನಳಿಕೆಯಿಂದ ನೇರ ಹೊಟ್ಟೆಗೆ ಇಳಿಸುತ್ತಾರೆ. ಇದಕ್ಕೆಲ್ಲ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕೇ ಬೇಕು.

ಯಕೃತ್ತು, ಮೂತ್ರಪಿಂಡಗಳಿಗೆ ಹಾನಿಯೇ ಎಂದು ತಿಳಿಯಲು ಇಲಿ ಒಳ್ಳೆಯ ಸಾಕ್ಷಿ. ವಾತ ಪ್ರಕೃತಿಯವರಿಗೆ ಒಗ್ಗುತ್ತದೆಯೇ ಎಂಬುದನ್ನು ಮಾತ್ರ ಅದರಿಂದ ಹೇಳಿಸಲಾಗದು. ಅದಕ್ಕೆ ಮನುಷ್ಯರೇ ಬೇಕು.