ಮಣ್ಣು ಮತ್ತು ಮ್ಯಾಟು

ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಗಳಲ್ಲಿ ಗರಡಿಮನೆಯ ಮಣ್ಣೇ ಕುಸ್ತಿಯ ಮೊದಲ ಪಾಠಶಾಲೆ. ಮಣ್ಣಿನ ಕಣದಲ್ಲಿ ಎದುರಾಳಿಯನ್ನು ಚಿತ್ತು ಮಾಡಿದವನೇ ಗೆದ್ದವನು. ಅಲ್ಲಿ ಬಲವೂ ತಾಳ್ಮೆಯೂ ಮುಖ್ಯ. ಮ್ಯಾಟಿನ ಮೇಲಾದರೋ ಮೂರು ಮೂರು ನಿಮಿಷಗಳ ಎರಡೇ ಸುತ್ತು. ಕೆಡವಿದ್ದಕ್ಕೂ ಹೊರಳಿಸಿದ್ದಕ್ಕೂ ಅಂಕಗಳುಂಟು. ಗ್ರೀಕೋ-ರೋಮನ್ ಪದ್ಧತಿಯಲ್ಲಂತೂ ಸೊಂಟದ ಕೆಳಗೆ ಹಿಡಿಯುವಂತಿಲ್ಲ. ಆದುದರಿಂದ ಮಣ್ಣಿನಲ್ಲಿ ಪಳಗಿದವನೂ ಮ್ಯಾಟಿನಲ್ಲಿ ಎಡವುವುದುಂಟು.

ಮಹಾರಾಷ್ಟ್ರದ ಖಾಶಾಬಾ ಜಾಧವರಿಗೂ ಇದೇ ಪರೀಕ್ಷೆ ಎದುರಾಯಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೊಸದಾದ ಮ್ಯಾಟಿನ ಮೇಲೆ ಅವರಿಗೆ ದೊರೆತದ್ದು ಆರನೆಯ ಸ್ಥಾನ. ಅವರು ಧೃತಿಗೆಡದೆ ಅಭ್ಯಾಸ ಮಾಡಿ, 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕವದು. ಗರಡಿಯ ಬಲಕ್ಕೆ ಮ್ಯಾಟಿನ ಚುರುಕನ್ನು ಕೂಡಿಸಿಕೊಂಡವನೇ ಪೂರ್ಣ ಜಟ್ಟಿ.