ಡೀಸೆಲ್ ಇಲ್ಲದ ಡೀಸೆಲ್ ಎಂಜಿನ್

ವಿಜ್ಞಾನ ವಸ್ತುಪ್ರದರ್ಶನಕ್ಕೆ ನಾನು ತಂದಿದ್ದ ಆಟದ ರೈಲು ಎಂಜಿನ್ ನಿಮಗೆಲ್ಲ ನೆನಪಿರಬಹುದು. "ಡೀಸೆಲ್ ಎಂಜಿನ್ನಿನ ಮಾದರಿ" ಅಂತ ಚೀಟಿ ಅಂಟಿಸಿದ್ದೆ. ಹಿಂದಿನ ಬೆಂಚಿನವರು, "ಇದಕ್ಕೆ ಡೀಸೆಲ್ ಎಲ್ಲಿ ಹಾಕ್ತಾರೋ? ಕರೆಂಟಲ್ಲಿ ಓಡ್ತದೆ, ಬುರುಡೆ ಬಿಡಬೇಡ" ಅಂತ ನಕ್ಕರು. ಮೇಷ್ಟ್ರೂ ಅದನ್ನೇ ಕೇಳಿದರು. ನನಗೆ ಬಾಯಿ ಕಟ್ಟಿಹೋಯ್ತು. ಬಹುಮಾನ ಹೋದರೆ ಹೋಗಲಿ, ಸುಳ್ಳುಗಾರ ಅನ್ನಿಸಿಕೊಂಡದ್ದು ಸಂಕಟವಾಯ್ತು. ನನ್ನ ಸೋದರಮಾವ ಬೆಂಗಳೂರಿನ ಕೃಷ್ಣರಾಜಪುರಂ ಶೆಡ್ಡಿನಲ್ಲಿ ಫಿಟ್ಟರ್. ಈ ಎಂಜಿನ್ ಕೊಟ್ಟವರೂ ಅವರೇ. ರಜೆಯಲ್ಲಿ ಅವರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಓದಿ, ಆಮೇಲೆ ಬೇಕಾದರೆ ನಗಿ.

ಮಾವ ಹೇಳಿದ ಮೊದಲ ಮಾತಿಗೇ ನಾನು ಬೆಪ್ಪಾದೆ. "ಲೋ, ದೊಡ್ಡ ಎಂಜಿನ್ನಿನ ಚಕ್ರ ತಿರುಗಿಸೋದೂ ಕರೆಂಟೇ ಕಣೋ!"

ನಮ್ಮ ದೇಶದಲ್ಲಿ ಬಹಳ ವರ್ಷ ಓಡಿದ ಡಬ್ಲ್ಯುಡಿಎಂ-2 ಎಂಜಿನ್ ತೆಗೆದುಕೊಳ್ಳಿ. ಅದರೊಳಗೆ 16 ಸಿಲಿಂಡರಿನ, 2600 ಅಶ್ವಶಕ್ತಿಯ ಡೀಸೆಲ್ ಯಂತ್ರ ಇರುತ್ತದೆ. ಆ ಯಂತ್ರಕ್ಕೂ ಚಕ್ರಕ್ಕೂ ನೇರ ಸಂಬಂಧವೇ ಇಲ್ಲ. ಅದು ಜನರೇಟರನ್ನು ತಿರುಗಿಸುತ್ತದೆ. ಹುಟ್ಟಿದ ವಿದ್ಯುತ್ತು ದಪ್ಪ ಕೇಬಲ್ಲುಗಳಲ್ಲಿ ಕೆಳಗಿಳಿದು, ಆರು ಅಚ್ಚುಗಳ ಪಕ್ಕದಲ್ಲಿರುವ ಆರು ಮೋಟಾರುಗಳಿಗೆ ಹೋಗುತ್ತದೆ. ಅಂದರೆ ಅದು ತನ್ನ ಪವರ್ ಹೌಸನ್ನು ತಾನೇ ಹೊತ್ತುಕೊಂಡು ಓಡುವ ಕರೆಂಟಿನ ಗಾಡಿ.

ಟ್ರ್ಯಾಕ್ಟರಿನ ಹಾಗೆ ಗೇರು ಹಾಕಿದರೆ ಸಾಲದೇ ಅಂತ ನಾನೂ ಕೇಳಿದೆ. ಕೆಸರಲ್ಲಿ ಸಿಕ್ಕಿದ ಟ್ರೈಲರನ್ನು ಟಾಪ್ ಗೇರಿನಲ್ಲಿ ಎಳೆಯಲು ಹೋದರೆ ಟ್ರ್ಯಾಕ್ಟರು ಗಕ್ ಅಂತ ನಿಂತುಬಿಡ್ತದಲ್ಲ? ಡೀಸೆಲ್ ಯಂತ್ರಕ್ಕೆ ನಿಂತಲ್ಲಿಂದ ಭಾರ ಎಳೆಯುವ ತಾಕತ್ತಿಲ್ಲ, ಮೊದಲು ತಾನು ತಿರುಗುತ್ತಿರಬೇಕು. ಉದ್ದದ ಗೂಡ್ಸ್ ಗಾಡಿಯನ್ನು ಕ್ಲಚ್ ಒತ್ತಿ ಎಬ್ಬಿಸಲು ಹೋದರೆ ಕ್ಲಚ್ಚೇ ಸುಟ್ಟುಹೋದೀತು. ಆದರೆ ಈ ಎಂಜಿನ್ನಿನ ವಿದ್ಯುತ್ ಮೋಟಾರು ನಿಂತಲ್ಲಿಂದ ಹೊರಡುವಾಗಲೇ ಹೆಚ್ಚು ಬಲ ಕೊಡುತ್ತದೆ.

ನನ್ನ ಪುಟ್ಟ ಎಂಜಿನ್ನಿನಲ್ಲಿ ಇರುವುದು ಒಂದೇ ಮೋಟಾರು, ಹೊಟ್ಟೆಯ ನಡುವೆ. ಅದರಿಂದ ಹಿಂದಕ್ಕೊಂದು ಮುಂದಕ್ಕೊಂದು ಕಡ್ಡಿ ಹೋಗಿ, ಹಲ್ಲುಚಕ್ರಗಳ ಮೂಲಕ ಎರಡೂ ಕಡೆಯ ಚಕ್ರ ತಿರುಗುತ್ತವೆ. 12 ವೋಲ್ಟಿನ ವಿದ್ಯುತ್ತು ಹಳಿಯಿಂದ ಬರುತ್ತದೆ. ಪವರ್ ಹೌಸ್ ಮಾತ್ರ ಹೊರಗೆ, ಅಷ್ಟೇ ವ್ಯತ್ಯಾಸ.

ಇದು ಅಮೆರಿಕದ ಆಲ್ಕೋ ಕಂಪನಿಯ ಆರ್‌ಎಸ್‌ಡಿ-15 ಎಂಬ ಎಂಜಿನ್ನಿನ ಮಾದರಿ. ಅಸಲಿಯನ್ನು 1956ರಿಂದ 1960ರವರೆಗೆ ಮಾಡಿದರು. ಕೆಲವಕ್ಕೆ ಮೂತಿ ತಗ್ಗಾಗಿ ಉದ್ದ ಇದ್ದುದರಿಂದ ಅಲ್ಲಿನ ಜನ ಮೊಸಳೆ ಅಂತ ಕರೆಯುತ್ತಿದ್ದರಂತೆ. ಅದರೊಳಗೆ ಇದ್ದದ್ದೂ ನಮ್ಮ ಡಬ್ಲ್ಯುಡಿಎಂ-2ರ ಮನೆತನದ 16 ಸಿಲಿಂಡರ್ ಯಂತ್ರವೇ! ನಮ್ಮಲ್ಲಿಗೆ ಆಲ್ಕೋದ ಡಬ್ಲ್ಯುಡಿಎಂ-2 ಎಂಜಿನ್ 1962ರಲ್ಲಿ ಬಂತು. 1964ರಿಂದ ವಾರಣಾಸಿಯಲ್ಲೇ ತಯಾರಿ. ಆಲ್ಕೋ 1969ರಲ್ಲಿ ಎಂಜಿನ್ ಕಟ್ಟುವುದನ್ನೇ ನಿಲ್ಲಿಸಿತು, ವಾರಣಾಸಿ ನಿಲ್ಲಿಸಲಿಲ್ಲ.

ಇನ್ನು ಲೆಕ್ಕ. (ಗಣಿತದ ಮೇಷ್ಟ್ರು ತಿದ್ದಿಕೊಟ್ಟಿದ್ದಾರೆ.) ಮಾದರಿಯ ಅಳತೆ 87ರಲ್ಲಿ 1 ಭಾಗ. ಹಳಿಯ ಅಗಲ 16.5 ಮಿಲಿಮೀಟರು. 87ರಿಂದ ಗುಣಿಸಿದರೆ ಸುಮಾರು 1435 ಮಿಲಿಮೀಟರು, ಅಂದರೆ ಅಮೆರಿಕದ ಹಳಿಯ ಅಗಲ. ನಮ್ಮ ಬ್ರಾಡ್‌ಗೇಜ್ 1676, ಆದ್ದರಿಂದ ನಮ್ಮ ಎಂಜಿನ್ನಿನ ಸರಿಯಾದ ಮಾದರಿ ಮಾಡಿದರೆ ಈ ಹಳಿ ಮೇಲೆ ಕೂರುವುದಿಲ್ಲ.

ತೂಕದ್ದು ಇನ್ನೂ ಮಜಾ. ಉದ್ದ, ಅಗಲ, ಎತ್ತರ ಮೂರೂ ಇಳಿಯುವುದರಿಂದ 87ನ್ನು ಮೂರು ಸಲ ಗುಣಿಸಬೇಕು: 6,58,503. ಡಬ್ಲ್ಯುಡಿಎಂ-2ರ ತೂಕ ಸುಮಾರು 113 ಟನ್. ಭಾಗಿಸಿದರೆ ಬರುವುದು ಬರೀ 171 ಗ್ರಾಂ! ಆದರೆ ನನ್ನ ಎಂಜಿನ್ ಶೆಟ್ಟರ ಅಂಗಡಿ ತಕ್ಕಡಿಯಲ್ಲಿ 400 ಗ್ರಾಂ ದಾಟಿತು. ಹಗುರಾದರೆ ಚಕ್ರ ಜಾರುತ್ತದೆ ಅಂತ ಒಳಗೆ ಲೋಹದ ತುಂಡು ಇಟ್ಟಿರುತ್ತಾರೆ. ದೊಡ್ಡದರ ಚಕ್ರವೂ ಜಾರುವುದುಂಟು. ಆಗ ಹಳಿ ಮೇಲೆ ಮರಳು ಉದುರಿಸುತ್ತಾರೆ.

ಒಂದು ಕಡೆ ಮಾತ್ರ ಮಾದರಿ ಮೋಸ ಮಾಡುತ್ತದೆ. ನನ್ನ ಹಳಿಯ ತಿರುವಿನ ತ್ರಿಜ್ಯ 56 ಸೆಂಟಿಮೀಟರು, ಅಂದರೆ ನಿಜದಲ್ಲಿ 49 ಮೀಟರು. ನಮ್ಮ ಬ್ರಾಡ್‌ಗೇಜಿನಲ್ಲಿ 175 ಮೀಟರಿಗಿಂತ ಕಡಿಮೆ ಇಡುವ ಹಾಗಿಲ್ಲ.

ಪ್ರದರ್ಶನದ ದಿನ ನಡುವೆ ಎಂಜಿನ್ ನಿಂತದ್ದೇಕೆ ಅಂತ ಈಗ ಗೊತ್ತಾಗಿದೆ. ಯಾರೋ ಎರಡು ಹಳಿಗೂ ಅಡ್ಡಲಾಗಿ ಜಾಮಿಟ್ರಿ ಬಾಕ್ಸಿನ ಕೈವಾರ ಇಟ್ಟಿದ್ದರು, ಶಾರ್ಟ್ ಆಯ್ತು. (ಯಾರು ಅಂತ ಹೇಳುವುದಿಲ್ಲ.) ಇದಕ್ಕೇ ಮಾದರಿಯ ಚಕ್ರಗಳ ನಡುವೆ ಪ್ಲಾಸ್ಟಿಕ್ ತಡೆ ಇರುತ್ತದೆ. ನಿಜವಾದ ರೈಲಿನಲ್ಲಿ ತಡೆ ಇಲ್ಲ, ಅಚ್ಚು ಪೂರ್ತಿ ಕಬ್ಬಿಣ. ಸಿಗ್ನಲ್ಲಿಗಾಗಿ ಹಳಿಯಲ್ಲಿ ಸಣ್ಣ ವಿದ್ಯುತ್ತು ಹರಿಸುವ ಕಡೆ, ಅದೇ ಅಚ್ಚು ಎರಡೂ ಹಳಿಯನ್ನು ಶಾರ್ಟ್ ಮಾಡುತ್ತದೆ. ಅದರಿಂದಲೇ ಇಲ್ಲಿ ರೈಲು ಇದೆ ಅಂತ ತಿಳಿದು ಸಿಗ್ನಲ್ ಕೆಂಪಾಗುತ್ತದೆ.

ಈಗ ನಮ್ಮ ಲೈನಿಗೂ ಮೇಲೆ ತಂತಿ ಬಂದಿದೆ. ಮಾವನ ಶೆಡ್ಡಿಗೂ ಕರೆಂಟ್ ಎಂಜಿನ್‌ಗಳು ಬರುತ್ತಿವೆ, ಈ ವಯಸ್ಸಲ್ಲಿ ಮತ್ತೆ ಪುಸ್ತಕ ಹಿಡಿದಿದ್ದೀನಿ ಅಂತಾರೆ.

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ವಿಜ್ಞಾನದ ಕೋಣೆಯಲ್ಲಿ ಎಂಜಿನ್ ಬಿಚ್ಚಿ ತೋರಿಸುತ್ತೇನೆ, ಮೇಷ್ಟ್ರು ಒಪ್ಪಿದ್ದಾರೆ. ಹಿಂದಿನ ಬೆಂಚಿನವರು ಮುಂದೆ ಕೂರಬೇಕು. ಕೈವಾರ ತರಬೇಡಿ.